ತಂಗಿಯ ಎಡ ಮೊಣಕೈ

ಬೇಕರಿಯಲ್ಲಿ ಓವನ್ ನೋಡಿಕೊಳ್ಳುವ ಅಕ್ಕನಿಗೆ ಫುಟ್‌ಬಾಲ್ ಮೈದಾನದಲ್ಲಿ ಬೇರೆಯೇ ಹೆಸರು: ಗೋಡೆ. ಹೆಸರಿಟ್ಟವರಿಗೆ ಬುದ್ಧಿಯಿಲ್ಲ, ಬಿಡಿ. ಗೋಡೆ ನಿಂತಲ್ಲೇ ನಿಲ್ಲುತ್ತದೆ, ಇವಳು ನಿಲ್ಲುವವಳೇ? ಎದುರಾಳಿ ಚೆಂಡು ಒದೆಯಲು ಕಾಲನ್ನು ಹಿಂದಕ್ಕೆ ಎಳೆಯುವವರೆಗೂ ಏನೂ ಅರಿಯದ ಮಳ್ಳಿಯ ಹಾಗೆ ಇರುತ್ತಾಳೆ. ಆ ಕಾಲು ಮುಂದಕ್ಕೆ ಬರತೊಡಗಿತೋ, ಇವಳು ಹೊರಟಳು. ಬೇಗ ಹೊರಟರೆ ಒದೆಯುವವಳು ದಿಕ್ಕು ಬದಲಿಸುತ್ತಾಳೆ. ತಡವಾದರೆ ಚೆಂಡು ದಾಟಿಹೋಗುತ್ತದೆ. ಬ್ರೆಡ್ಡಿನ ಟ್ರೇ ಹೊರಗೆಳೆಯುವಾಗಲೂ ಅವಳದು ಅದೇ ಹದ.

ತಂಗಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ, ಅಲ್ಲಿಯ ತಂಡಕ್ಕೇ ಆಡುತ್ತಾಳೆ. ಪಾಸ್ ಕೊಡುವುದರಲ್ಲಿ ಎತ್ತಿದ ಕೈ. ಆದರೆ ಒಂದು ಚಾಳಿ. ಎಡಕ್ಕೆ ಪಾಸ್ ಕೊಡುವ ಮುಂಚೆ ಅವಳ ಎಡ ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತದೆ. ಅವಳಿಗೇ ಅದು ಗೊತ್ತಿಲ್ಲ. ಓಣಿಯಲ್ಲಿ ಆಡುತ್ತಿದ್ದ ಕಾಲದಿಂದ ಅಕ್ಕನಿಗೆ ಗೊತ್ತು. ಹೇಳಿಬಿಟ್ಟರೆ ಆಮೇಲೆ ತಾನು ಗೆಲ್ಲುವುದು ಹೇಗೆ? ಬಾಯಿ ಮುಚ್ಚಿಕೊಂಡೇ ಇದ್ದಳು.

ಆ ಭಾನುವಾರ ಬೇಕರಿಗೂ ಲಾಂಡ್ರಿಗೂ ಪಂದ್ಯ. ದೊಡ್ಡ ಕ್ಲಬ್ಬಿನ ಕೋಚ್ ಮೇಡಂ ತಂಗಿಯ ಆಟ ನೋಡಲೆಂದೇ ಬಂದಿದ್ದರು. ಮೆಚ್ಚಿದರೆ ತಂಡದಲ್ಲಿ ಜಾಗ, ಇಸ್ತ್ರಿ ಪೆಟ್ಟಿಗೆಯಿಂದ ಬಿಡುಗಡೆ. ಇವತ್ತೊಂದು ದಿನ ಸ್ವಲ್ಪ ಸುಮ್ಮನಿರಬೇಕು ಎಂದು ಅಕ್ಕ ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದಳು. ಅಯ್ಯೋ, ಮೈ ಕೇಳಬೇಕಲ್ಲ! ಮೊಣಕೈ ಅಂಟಿತು, ಕಾಲು ಹೊರಟಿತು, ಚೆಂಡು ಸಿಕ್ಕೇಬಿಟ್ಟಿತು. "ಗೋಡೆ! ಗೋಡೆ!" ಎಂದು ಜನ ಕೂಗಿದರು. ಆ ಕೂಗು ಕಿವಿಗೆ ಬಿದ್ದ ಮೇಲೆ, ನಿಜ ಹೇಳಬೇಕೆಂದರೆ, ಸುಮ್ಮನಿರುವ ಮನಸ್ಸೂ ಆಗಲಿಲ್ಲ. ತಂಗಿ ಎಡಕ್ಕೆ ಕೊಟ್ಟದ್ದನ್ನೆಲ್ಲ ನಡುವೆಯೇ ಕಿತ್ತುಕೊಂಡಳು. ಆಟ ಮುಗಿಯುವ ಮುಂಚೆಯೇ ಕೋಚ್ ಮೇಡಂ ಕೊಡೆ ಮಡಚಿಕೊಂಡು ಎದ್ದುಹೋದರು.

ಮರುದಿನ ಕೆಲಸ ಮುಗಿಸಿ ಬಂದ ತಂಗಿ ತನ್ನ ಬೂಟನ್ನು ಹಳೇ ಪೇಪರಿನಲ್ಲಿ ಸುತ್ತತೊಡಗಿದಳು.

"ಏನೇ ಅದು?"

"ಯಾರಿಗಾದ್ರೂ ಕೊಟ್ಬಿಡ್ತೀನಿ. ನನ್ನ ಕಾಲಲ್ಲಿ ಆಟ ಇಲ್ಲ ಕಣಕ್ಕ."

ಒಡಹುಟ್ಟಿದವಳ ಬಾಯಿಗೆ ಬಂದ ತುತ್ತು ಕಸಿದೆನಲ್ಲ, ಅದೂ ನಾಲ್ಕು ಜನ ಹೆಸರು ಕೂಗಿದರೆಂದು! ಅಕ್ಕನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಕಾಲಲ್ಲಿ ಏನೂ ತಪ್ಪಿಲ್ಲ ಕಣೇ, ಕೈಯಲ್ಲಿದೆ" ಎಂದು ಮೊಣಕೈಯ ವಿಷಯವನ್ನೆಲ್ಲ ಹೇಳಿಬಿಟ್ಟಳು.

"ನಿಂಗೆ ಯಾವಾಗಿಂದ ಗೊತ್ತು?"

"ಚಿಕ್ಕವರಿದ್ದಾಗಿಂದ."

ತಂಗಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪೇಪರ್ ಬಿಚ್ಚಿ ಬೂಟು ಹಾಕಿಕೊಂಡು, "ಓಣಿಗೆ ಬಾ" ಎಂದಳು.

ಅಕ್ಕ ಎದುರು ನಿಂತಳು. ಮೊಣಕೈ ಅಂಟಿತು, ಅಕ್ಕ ಚೆಂಡು ತಡೆದಳು. ಇನ್ನೊಮ್ಮೆಯೂ ಹಾಗೇ ಆಯಿತು. ಮತ್ತೆ ಮೊಣಕೈ ಅಂಟಿತು, ಅಕ್ಕ ಅತ್ತ ನುಗ್ಗಿದಳು; ಚೆಂಡು ಇತ್ತಲಿಂದ ಸರ್ರನೆ ಹೋಯಿತು. ಕಾಲಿಗೆ ಕಾಲು ತೊಡರಿ ಗೋಡೆ ಧೊಪ್ಪನೆ ನೆಲಕ್ಕೆ ಕುಳಿತಿತು.

"ಭಲೇ ಕಣೇ! ಎಷ್ಟು ಬೇಗ ಕಲಿತ್ಬಿಟ್ಟೆ!" ಅಕ್ಕನಿಗೆ ಖುಷಿ ತಡೆಯಲಾಗಲಿಲ್ಲ.

ತಂಗಿ ನಗಲಿಲ್ಲ.

"ಇಷ್ಟೇ ಹೊತ್ತು ಸಾಕಾಗಿತ್ತು ನೋಡು. ಮೊನ್ನೆ ಹೇಳಿದ್ರೆ ಆಗ್ತಿತ್ತಲ್ಲಕ್ಕ."

ಚೆಂಡು ಮೋರಿಯವರೆಗೂ ಉರುಳಿತ್ತು. ಅಕ್ಕ ಎದ್ದು ಹೋಗಿ ಎತ್ತಿಕೊಂಡಳು. ತಿರುಗಿ ತಂಗಿಯ ಮುಖ ನೋಡಲು ಧೈರ್ಯ ಸಾಲದೆ, ಚೆಂಡನ್ನು ಒರೆಸುತ್ತ ಅಲ್ಲೇ ನಿಂತಳು.