ಡ್ರೈವರಣ್ಣನ ಅಕ್ಕ ತಂಗಿ

ಡ್ರೈವರಣ್ಣನ ಖಾಕಿ ಪ್ಯಾಂಟಿನ ತುಂಬ ತೂತು. ಬ್ಯಾಟರಿಯ ಆ್ಯಸಿಡ್ ಸಿಡಿದು ಸುಟ್ಟ ತೂತುಗಳು. ಹೆಂಡತಿ ಹಾಕಿಕೊಟ್ಟ ತೇಪೆಗೂ ತೂತು, ಅದರ ಮೇಲೆ ಮತ್ತೊಂದು ತೇಪೆ. "ಇದರಲ್ಲಿ ಪ್ಯಾಂಟು ಯಾವುದು, ತೇಪೆ ಯಾವುದು ಅಣ್ಣ?" ಎಂದು ರೇಗಿಸಿದರೆ, "ಒಗೆಯೋಳ್ಗೇ ಗೊತ್ತಿಲ್ಲ, ನಂಗೇನ್ ಗೊತ್ತು ಸಿಸ್ಟರಮ್ಮ" ಎನ್ನುತ್ತಿದ್ದರು.

ಅರವತ್ತರ ದಶಕದ ಮೊದಮೊದಲು ನಾನು ಹಾಸನದಿಂದ ಹಳ್ಳಿಗಳಿಗೆ ಹೋಗುವ ಆಸ್ಪತ್ರೆ ವ್ಯಾನಿನಲ್ಲಿ ದಾದಿ, ಅವರು ಡ್ರೈವರು. ಹಳೆಯ ಲಾರಿಯ ಬೆನ್ನಿಗೆ ಮರದ ಕೋಣೆ ಕಟ್ಟಿದಂಥ ಗಾಡಿ. ಒಳಗೊಂದು ಮಂಚ, ಔಷಧಿಯ ಬೀರು, ಸ್ಟೋವು, ಎರಡು ಬಲ್ಬು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಎಲ್ಲಿ ನಿಲ್ಲಿಸಿದರೆ ಅಲ್ಲೇ ನಮ್ಮ ಬಿಡಾರ. ನಾನು ಒಳಗೆ, ಅವರು ಗಾಡಿಯ ಕೆಳಗೆ ಚಾಪೆ ಹಾಸಿಕೊಂಡು.

ಗಾಡಿಗೆ ಎರಡು ಬ್ಯಾಟರಿ. ಎಂಜಿನ್ ಎಬ್ಬಿಸುವವಳು ಅಕ್ಕ, ಒಳಗೆ ದೀಪ ಉರಿಸುವವಳು ತಂಗಿ. ಆ ಹೆಸರಿಟ್ಟವರು ಅವರೇ. ಗಾಡಿ ಓಡುವಾಗ ಡೈನಮೋ ಇಬ್ಬರಿಗೂ ಕರೆಂಟು ಉಣಿಸುತ್ತಿತ್ತು. ನಿಂತಾಗ ಮಾತ್ರ ತಂಗಿ ಹಸಿದುಕೊಂಡೇ ದುಡಿಯಬೇಕು. ಬ್ಯಾಟರಿಗೆ ಉಪ್ಪಿನಂಶವಿಲ್ಲದ ನೀರೇ ಆಗಬೇಕೆಂದು, ಬಿಳಿ ಪಂಚೆ ಕಟ್ಟಿ ಹಿಡಿದಿಟ್ಟ ಮಳೆನೀರನ್ನು ಡ್ರೈವರಣ್ಣ ಅವರಿಬ್ಬರಿಗೂ ಹನಿ ಹನಿಯಾಗಿ ಬಿಡುತ್ತಿದ್ದರು. ಕಾಫಿಗೆ ಒಂದು ಲೋಟ ಕೊಡಿ ಎಂದರೆ ಮುಖ ಗಂಟಿಕ್ಕಿಕೊಂಡು, "ನಿಮ್ಗೆ ಒಳೆ ನೀರೈತಲ್ಲ, ಅವ್ರಿಗೆ ಇದು ಬುಟ್ರೆ ಬ್ಯಾರೆ ಇಲ್ಲ" ಎನ್ನುವರು. ಜಿಪುಣ ಎಂದು ನಾನು ಗೊಣಗುತ್ತಿದ್ದೆ.

ಒಮ್ಮೆ ಲಸಿಕೆ ಹಾಕುವ ಕೆಲಸಕ್ಕೆಂದು ರಾಮನಾಥಪುರದ ಹತ್ತಿರ ಗಾಡಿ ದಿನಗಟ್ಟಲೆ ನಿಂತಲ್ಲೇ ನಿಂತಿತ್ತು. ಒಂದು ದಿನ ಮುಸ್ಸಂಜೆಗೆ ತಾಯಿಯೊಬ್ಬಳು ಚೊಚ್ಚಲ ಹೆರಿಗೆಯ ಮಗಳನ್ನು ಎತ್ತಿನ ಗಾಡಿಯಲ್ಲಿ ಕರೆತಂದಳು. ಮಗು ಕಾಲು ಮುಂದಾಗಿ ಬರುತ್ತಿತ್ತು. ಆಸ್ಪತ್ರೆಗೆ ಸಾಗಿಸುವಷ್ಟು ಹೊತ್ತಿರಲಿಲ್ಲ. ಮಂಚಕ್ಕೆ ಹತ್ತಿಸಿ ಕೈಯಿಟ್ಟೆ. ಅಷ್ಟರಲ್ಲಿ ಬಲ್ಬು ಕೆಂಪಗಾಗುತ್ತ ಬಂತು.

ಹೊರಗಿನಿಂದ ಡ್ರೈವರಣ್ಣ ಕೂಗಿದರು: "ಸಿಸ್ಟರಮ್ಮ, ತಂಗಿ ಒಂಟೋಯ್ತಾವ್ಳೆ ಕಣವ್ವ!"

ಬಾಗಿಲ ಬಳಿ ನಿಂತಿದ್ದ ತಾಯಿ, "ಅಯ್ಯೋ ನನ್ ಮಗ್ಳೇ!" ಎಂದು ಎದೆ ಬಡಿದುಕೊಂಡಳು. ಮಂಚದ ಮೇಲಿದ್ದ ಹುಡುಗಿ ನನ್ನ ಸೆರಗು ಹಿಡಿದು, "ನಾನು ಸಾಯ್ತಾ ಇದ್ದೀನಾ ಅಕ್ಕ?" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಬ್ಯಾಟರಿ ಅನ್ನಿ ಅಣ್ಣ, ನಿಮ್ಮ ದಮ್ಮಯ್ಯ, ಬ್ಯಾಟರಿ ಅನ್ನಿ!" ಎಂದು ಕಿರುಚಿದೆ.

ಅವರು ಓಡಿ ಹೋಗಿ ಸೀಟಿಗೆ ಹತ್ತಿದರು. ಅಕ್ಕ ಒಂದೇ ಸಲಕ್ಕೆ ಎಂಜಿನ್ ಎಬ್ಬಿಸಿದಳು. ಆದರೆ ಎಂಜಿನ್ ಸುಮ್ಮನೆ ಗುರುಗುಟ್ಟುತ್ತಿದ್ದರೆ ಡೈನಮೋ ಏನೂ ಕೊಡುವುದಿಲ್ಲ, ಗಾಡಿ ಓಡುವಷ್ಟೇ ಜೋರಾಗಿ ಅದು ತಿರುಗಬೇಕು. ಗಾಡಿ ಓಡಿಸಿದರೆ ನನ್ನ ಕೈ ಅಲುಗುತ್ತದೆ. ಅವರು ನಿಂತ ಗಾಡಿಯಲ್ಲೇ ಪೆಡಲು ತುಳಿದು ಹಿಡಿದರು. ಬಲ್ಬು ಬೆಳ್ಳಗಾಯಿತು.

"ಅದ್ರ ಮ್ಯಾಲೆ ಕಲ್ ಇಟ್ರಾಗಕ್ಕಿಲ್ವಾ ಅಣ್ಣ?" ಎಂದು ತಾಯಿ ಅಳುತ್ತಲೇ ಕೇಳಿದಳು.

"ಕಲ್ಗೆ ಕಿವಿ ಇಲ್ವಲ್ಲಾ ತಾಯಿ. ಎಂಜಿನ್ ಉಸ್ರು ಕೇಳಿ ತುಳೀಬೇಕು."

ನಡುವೆ ಒಮ್ಮೆ ತಲೆಯೆತ್ತಿ ಡ್ರೈವರ್ ಸೀಟಿನ ಹಿಂದಿನ ಕಿಂಡಿಯಲ್ಲಿ ನೋಡಿದೆ. ಅವರ ತಲೆಯ ಟವೆಲ್ಲು ಮುಂದಿನ ಕನ್ನಡಿಯ ಮೇಲಿತ್ತು. ಹಿಂದಿನ ಮಂಚ ಅದರಲ್ಲಿ ಕಾಣಬಾರದೆಂದು ಹೊದಿಸಿದ್ದರು. ಅಂಥ ಗಡಿಬಿಡಿಯಲ್ಲೂ ಆ ಹುಡುಗಿಯ ಮಾನ ಅವರಿಗೆ ನೆನಪಿತ್ತು. ಅವರ ಮೇಲಿದ್ದ ಸಿಟ್ಟು ನನಗೆ ಅಲ್ಲೇ ಇಳಿದುಹೋಯಿತು.

ಎಷ್ಟು ಹೊತ್ತಾಯಿತೋ ಕಾಣೆ. ಮಗು ನೀಲಿಗಟ್ಟಿ ಬಂತು, ಬೆನ್ನು ತಟ್ಟಿದ ಮೇಲೆ ಅತ್ತಿತು. ಬಾಣಂತಿಗೆ ಹೊಲಿಗೆ ಹಾಕಿ ಮುಗಿಸುವವರೆಗೂ ಬೆಳಕು ಒಂದಿಷ್ಟೂ ಅಲುಗಲಿಲ್ಲ. ಆಮೇಲೆ ಮುಂದಿನಿಂದ ಸಣ್ಣ ದನಿ ಬಂತು: "ಸಿಸ್ಟರಮ್ಮ, ಮಗ ಅತ್ತಿದ್ದು ಕೇಳುಸ್ತು. ಈಗ ಕಾಲ್ ತಗೀಬೌದಾ?"

ಕಾಲು ತೆಗೆಯಲು ಅವರಿಂದಾಗಲಿಲ್ಲ. ಮರಗಟ್ಟಿ ಹೋಗಿತ್ತು. ನಾನೂ ಆ ಹುಡುಗಿಯ ತಾಯಿಯೂ ಎರಡು ಕಡೆ ಹಿಡಿದು ಕೆಳಗಿಳಿಸಿದೆವು.

ಆಮೇಲೆ ಕರೆಂಟಿರುವ ಆಸ್ಪತ್ರೆಗಳಲ್ಲಿ ಎಷ್ಟೋ ಹೆರಿಗೆ ಮಾಡಿಸಿದೆ. ಕೈಗುಣ ಒಳ್ಳೆಯದೆಂದು ಹೆಸರೂ ಬಂತು. ಎಷ್ಟೋ ವರ್ಷದ ಮೇಲೆ ಡ್ರೈವರಣ್ಣ ಕಾಯಿಲೆ ಬಿದ್ದು ನಾನಿದ್ದ ಆಸ್ಪತ್ರೆಗೇ ಬಂದಾಗ ಮಂಚದ ಬಳಿ ಕೂತು, "ಆ ದಿನ ನನ್ನ ಕೈ ನಡುಗಲಿಲ್ಲ ಅಂದರೆ ಅದು ನಿಮ್ಮಿಂದ ಅಣ್ಣ. ಈ ಕೆಲಸದಲ್ಲಿ ಉಳಿದದ್ದೂ ಅದರಿಂದಲೇ" ಎಂದೆ. "ನಾನೇನ್ ಮಾಡ್ದೆ? ತುಳ್ಕಂಡ್ ಕೂತಿದ್ದೆ, ಅಷ್ಟೇಯ" ಎಂದು ನಾಚಿಕೊಂಡರು.

ಆ ವಾರವೇ ಹೋಗಿಬಿಟ್ಟರು. ರೋಗಿಗಳ ಎದುರು ದಾದಿ ಅಳಬಾರದೆಂದು ಹೊಸ ಹುಡುಗಿಯರಿಗೆ ಪಾಠ ಹೇಳುತ್ತಿದ್ದವಳು ನಾನು. ಅವತ್ತು ವಾರ್ಡಿನ ನಡುವೆ, ಆ ಹುಡುಗಿಯರೆಲ್ಲರ ಎದುರಿಗೇ, ಡ್ರೈವರಣ್ಣನ ಕಾಲು ಹಿಡಿದುಕೊಂಡು ಜೋರಾಗಿ ಅತ್ತೆ.