ಕಿವಿ ಚುಚ್ಚುವ ದಿನ ಮಾಮನ ಮಡಿಲು

ಕೊರೋನಾ ಅಡಗಿದ ಮರುವರ್ಷ ನಾನು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಕೌನ್ಸೆಲರ್ ಆಗಿದ್ದೆ. ಮಾರಂಡಹಳ್ಳಿ ಕಡೆಯಿಂದ ಲಕ್ಷ್ಮಿ ಬಂದ ಬೆಳಗ್ಗೆ ಕಿಟಕಿಯಾಚೆ ರಾಗಿಹೊಲಗಳು ಮಂಜಿನಲ್ಲಿ ಕರಗಿಹೋಗಿದ್ದವು. ಒಂದು ಮಗುವಿನ ತಾಯಿ; ಹೆಸರು ಬದಲಿಸಿದ್ದೇನೆ. ಒಂಬತ್ತನೇ ವಯಸ್ಸಿನಲ್ಲಿ ಸ್ವಂತ ಅಣ್ಣನೇ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನ್ನು ಅವಳು ನಿದ್ದೆಗಣ್ಣಲ್ಲಿ ಮಾತಾಡುವವಳ ಹಾಗೆ ಹೇಳಿದಳು. ಆಗಲೇ ಅವ್ವನಿಗೂ ಹೇಳಿದ್ದಳಂತೆ. "ಬಾಯಿ ಬಿಡಬ್ಯಾಡ" ಅಂದಿದ್ದಳಂತೆ ಅವ್ವ.

ನನ್ನದು ಮೊದಲೇ ಅವಸರದ ಬುದ್ಧಿ. ಮೈ ಉರಿದುಹೋಗಿ ತಕ್ಷಣ ದೂರಿನ ಅರ್ಜಿಯನ್ನು ಅವಳ ಮುಂದಿಟ್ಟೆ. ಅದನ್ನು ನಾಲ್ಕಾಗಿ ಮಡಿಸಿ ಮೇಜಿನ ಮೇಲೇ ಬಿಟ್ಟು ಹೋದವಳು ಮೂರು ತಿಂಗಳು ಪತ್ತೆಯಿಲ್ಲ. ಏನು ಬೇಕಾಗಿ ಬಂದೆ ತಾಯಿ ಎಂದು ಒಂದು ಮಾತು ಕೇಳಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮತ್ತೆ ಬಂದಾಗ ಕೇಳಿದೆ.

"ಅಕ್ಕಾ, ಬರೋ ಶುಕ್ರವಾರ ಮಗೀಗೆ ಕಿವಿ ಚುಚ್ಚೋದು ಐತೆ. ತಾಯ್ಮಾಮನ ಮಡಿಲಾಗೇ ಕೂರಿಸ್ಬೇಕು ಅಂತಾರೆ. ನನ್ ಮಗಳನ್ನ ಅವನ ಮಡಿಲಾಗೆ ಕೂರಿಸಾಕೆ ನನ್ ಕೈಲಾಗಲ್ಲ. ಅಷ್ಟೇ."

ನಮ್ಮ ಜನರಲ್ಲಿ ಇದು ಸಣ್ಣ ಮಾತಲ್ಲ. ಸೋದರಮಾವ ಇದ್ದೂ ಕೂರಿಸದಿದ್ದರೆ ನೆಂಟರೆಲ್ಲ ಕಾರಣ ಕೇಳುತ್ತಾರೆ. "ಕಾರಣ ಹೇಳಲೇಬೇಕೆಂದಿಲ್ಲ, ಬೇಡ ಅಂದರೆ ಸಾಕು" ಎಂದೆ. ನಾಲ್ಕು ದಿನ ಆ ಒಂದು ಮಾತನ್ನೇ ಅಭ್ಯಾಸ ಮಾಡಿದೆವು. ಜೊತೆಗೆ ನಾನೂ ಬರುತ್ತೇನೆಂದು ಒಪ್ಪಿಕೊಂಡೆ.

ಶುಕ್ರವಾರ ಅವರ ಅಂಗಳದಲ್ಲಿ ಎಳೆಬಿಸಿಲು, ಸಾಂಬ್ರಾಣಿ ಹೊಗೆ. ಜನ ಅದರೊಳಗೆ ತೇಲಿಕೊಂಡು ಓಡಾಡುವಂತೆ ಕಾಣುತ್ತಿತ್ತು. ಆಚಾರಿ ಚಿನ್ನದ ತಂತಿ ತೆಗೆದು ಮಾಮನನ್ನು ಕರೆದರು. ಅಣ್ಣ ಪಂಚೆ ಸರಿಮಾಡಿಕೊಂಡು ಮಣೆಯ ಮೇಲೆ ಕೂತು ಕೈಚಾಚಿದ.

ಲಕ್ಷ್ಮಿ ಮಗುವನ್ನು ಅವುಚಿಕೊಂಡಳು. "ಬ್ಯಾಡ. ಅವನತ್ರ ಓಗಲ್ಲ ನನ್ ಮಗಳು."

"ಯಾಕಮ್ಮಾ?" ಅಂದರು ಲಕ್ಷ್ಮಿಯ ದೊಡ್ಡಪ್ಪ.

ಲಕ್ಷ್ಮಿ ಅವ್ವನ ಮುಖವನ್ನೇ ನೋಡುತ್ತ ನಿಂತಳು. ಕೊನೆಗೆ ಅವ್ವ ಬಂದು ಮಗನಿಗೆ, "ಎದ್ದೇಳ್ಲಾ" ಅಂದಳು. ಅವನು ಎದ್ದ. ಅವ್ವ ತಾನೇ ಮಣೆಯ ಮೇಲೆ ಕೂತು ಮೊಮ್ಮಗಳನ್ನು ಮಡಿಲಿಗೆ ತೆಗೆದುಕೊಂಡಳು.

"ನೀನು ಯೋಳ್ದಾಗ್ಲೇ ಇವನ್ನ ಎಬ್ಬಿಸ್ಬೇಕಾಗಿತ್ತು ಕಣವ್ವಾ" ಎಂದು ಮಗಳಿಗೆ ಹೇಳಿ, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಈಗಲೂ ಯಾರಾದರೂ ನನ್ನೆದುರು ಬಂದು ಕೂತರೆ, ಸದ್ಯಕ್ಕೆ ಏನು ನಡೆಯದಂತೆ ತಡೆಯಬೇಕು ಎಂದು ಕೇಳಿದ ಮೇಲೆಯೇ ಅರ್ಜಿಯ ಮಾತೆತ್ತುತ್ತೇನೆ. ಅಷ್ಟು ಬುದ್ಧಿ ಕಲಿಯಲು ನನಗೆ ಹನ್ನೊಂದು ವರ್ಷದ ಸರ್ವಿಸ್ ಬೇಕಾಯಿತು.

ಕಿವಿ ಚುಚ್ಚಿ ಎರಡು ತಿಂಗಳಾದ ಮೇಲೆ ಲಕ್ಷ್ಮಿ ತಾನಾಗಿ ಬಂದು ಅಣ್ಣನ ಮೇಲೆ ದೂರು ಬರೆಸಿದಳು. ಸಾಕ್ಷಿಗಳ ಮೊದಲ ಸಾಲಿನಲ್ಲಿ ಅವ್ವ ಹೆಬ್ಬೆಟ್ಟು ಒತ್ತಿದಳು.