ಹಸಿ ಇಟ್ಟಿಗೆಗೆ ನಾನು ಇಟ್ಟ ಕೊಂಬು

ಆ ಕೊಂಬು ನನ್ನದು. ಅಚ್ಚುಮೊಳೆ ಜೋಡಿಸುತ್ತಿದ್ದ ಅಂತೋಣಿಯದಲ್ಲ. ‘ಹಸಿ ಇಟ್ಟಿಗೆ’ ಎಂದು ಬರೆಯಬೇಕಾದಲ್ಲಿ ‘ಹುಸಿ ಇಟ್ಟಿಗೆ’ ಎಂದು ಬರೆದವನು ನಾನು. ಅದು ತಿಳಿದ ಮೇಲೂ ತಪ್ಪನ್ನು ಅಂತೋಣಿಯ ತಲೆಗೆ ಕಟ್ಟಿ ಸುಮ್ಮನಿದ್ದವನೂ ನಾನೇ. ಆ ಒಂದು ಕೊಂಬಿನಿಂದ ಚಾತು ಮೇಸ್ತ್ರಿ ಮೂರ್ನಾಡಿನಲ್ಲಿ ಆರು ಮನೆಗಳ ಕೆಲಸ ಕಳೆದುಕೊಂಡರು. ತಮ್ಮ ಹೆಸರನ್ನೂ.

ಕೊಡಗು ಆಗ ಇನ್ನೂ ತನ್ನದೇ ರಾಜ್ಯ. ನಾನು ಮಡಿಕೇರಿಯ ಒಂದು ವಾರಪತ್ರಿಕೆಯ ವರದಿಗಾರ. ಸಿದ್ದಾಪುರದ ಬಳಿಯ ಒಂದು ಎಸ್ಟೇಟಿನಲ್ಲಿ ಆಳುಗಳಿಗೆ ಕಡಿಮೆ ಖರ್ಚಿನ ಹೊಸ ಲೈನು, ಎಂದರೆ ಸಾಲುಮನೆ, ಕಟ್ಟಿದ್ದಾರೆ ಎಂದು ಕೇಳಿ ನೋಡಲು ಹೋದೆ. ಕಟ್ಟಿದವರು ಚಾತು ಮೇಸ್ತ್ರಿ. ಮಾತು ಮಲೆಯಾಳ ಬೆರೆತ ಕನ್ನಡ. ಕನ್ನಡ ಓದಲು ಬರುತ್ತಿರಲಿಲ್ಲ. ಅವರು ಇಟ್ಟಿಗೆ ಸುಡುತ್ತಿರಲಿಲ್ಲ. ಜೇಡಿಗೆ ಭತ್ತದ ಹೊಟ್ಟು ಸೇರಿಸಿ ತುಳಿದು, ಅಚ್ಚಿಗೆ ಹಾಕಿ, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಿ ಕಟ್ಟುತ್ತಿದ್ದರು.

“ಇಟ್ಟಿಗೆ ಸುಡ್ಲಿಕ್ಕೆ ಎಷ್ಟು ಸೌದೆ ಬೇಕು ಗೊತ್ತುಂಟಾ ಸಾರೇ? ಅಷ್ಟು ಸೌದೆಯಲ್ಲಿ ಈ ಲೈನಿನ ಎಲ್ಲಾ ಒಲೆ ಒಂದು ಮಳೆಗಾಲ ಉರಿಸ್ಬಹುದು.”

“ಮಳೆಗೆ ಕರಗುವುದಿಲ್ಲವೇ ಮೇಸ್ತ್ರಿ?”

ಅವರು ನನ್ನನ್ನು ಪಡುವಣ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಮೊಣಕಾಲೆತ್ತರಕ್ಕೆ ಕಲ್ಲಿನ ಪಾಯ. ಹೆಂಚಿನ ಮಾಡು ಆ ಕಡೆ ಮಾತ್ರ ಬಹಳ ಕೆಳಗಿಳಿದಿತ್ತು. “ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ಬೆನ್ನಿಗೆ ಗೊರಬು ಹಾಕ್ತಾರಲ್ಲ? ಬೆನ್ನು ಮಾತ್ರ ಮುಚ್ಚುವುದು, ಎದೆ ಮುಚ್ಚುವುದಿಲ್ಲ. ಮಳೆ ಬರುವ ಕಡೆ ಮನೆಯ ಬೆನ್ನು ಮುಚ್ಚಿದ್ರೆ ಸಾಕು. ನಾಲ್ಕೂ ಕಡೆ ಯಾಕೆ ಖರ್ಚು?”

ಕಾಫಿ ಪಿಕಿಂಗ್ ಕಾಲದ ನಡುಹಗಲು. ಒಳಗೆ ತಂಪಿತ್ತು. ಎದುರಿಗೆ ಹಳೆಯ ತಗಡಿನ ಲೈನು. ಅಲ್ಲಿಂದ ಹೊಸ ಮನೆಗೆ ಬಂದಿದ್ದ ಹೆಂಗಸೊಬ್ಬಳು ನಕ್ಕು ಹೇಳಿದಳು: “ಅಲ್ಲಿ ಅನ್ನ ಬೇಯಿಸಾಕೆ ಒಲೆ ಬೇಡ ಸಾಮಿ. ಪಾತ್ರೆ ಇಟ್ಕೊಂಡು ಕೂತ್ರೆ ಸಾಕು, ನಾವೂ ಬೆಂದೋಗ್ತೀವಿ.”

ಮೇಸ್ತ್ರಿ ತಮ್ಮ ಇಟ್ಟಿಗೆಯನ್ನು ‘ಪಚ್ಚಕಟ್ಟ’ ಎನ್ನುತ್ತಿದ್ದರು. ಪಚ್ಚ ಎಂದರೆ ಹಸಿ, ಸುಡದ್ದು. ಕನ್ನಡದಲ್ಲಿ ಏನೆನ್ನಬೇಕೆಂದು ಅವರೇ ನನ್ನನ್ನು ಕೇಳಿದರು. ಮೂರ್ನಾಡಿನಲ್ಲಿ ಮೇಷ್ಟರುಗಳಿಗೆ ಆರು ಮನೆ ಕಟ್ಟಿಸಲಿದ್ದ ಸಮಿತಿಯ ಮುಂದೆ ಹೇಳಬೇಕಿತ್ತಂತೆ. ‘ಹಸಿ ಇಟ್ಟಿಗೆ’ ಎಂದು ಹೇಳಿಕೊಟ್ಟೆ. ಎರಡು ಸಲ ಹೇಳಿ ನೋಡಿಕೊಂಡರು. ಆ ಪದವನ್ನು ಕೊಟ್ಟವನೇ ನಾನು — ಕೊಟ್ಟು, ಆಮೇಲೆ —

ಅದೇ ವಾರ ಚುನಾವಣೆಯ ಭಾಷಣವೊಂದರ ವರದಿಯನ್ನೂ ಬರೆಯುತ್ತಿದ್ದೆ. ಅದರಲ್ಲಿ ‘ಹುಸಿ ಭರವಸೆ’ ಎಂಬ ಮಾತು ಮೇಲಿಂದ ಮೇಲೆ ಬಂದಿತ್ತು. ಕೈ ಅದೇ ಓಟದಲ್ಲಿತ್ತು. ಇದು ಕಾರಣ, ಕ್ಷಮೆಗೆ ದಾರಿಯಲ್ಲ. ಕರಡು ತಿದ್ದಿದವನೂ ನಾನೇ, ಕಣ್ಣಿಗೆ ಬೀಳಲಿಲ್ಲ. ಪತ್ರಿಕೆ ಹೊರಬಂತು. ತಲೆಬರಹದಲ್ಲೇ ಇತ್ತು — ‘ಹುಸಿ ಇಟ್ಟಿಗೆಯ ಅಗ್ಗದ ಮನೆಗಳು’.

ನಾಲ್ಕನೆಯ ದಿನ ಮೇಸ್ತ್ರಿ ಬಸ್ಸಿಳಿದು ನೇರ ಕಚೇರಿಗೆ ಬಂದರು. ಮಡಿಸಿದ ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಹರಡಿದರು. ಮೂರ್ನಾಡಿನ ಹೋಟೆಲಿನಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದ್ದರಂತೆ. “‘ಹುಸಿ ಮೇಸ್ತ್ರಿ ಬಂದ್ರು, ಹುಸಿ ಬೆಂಚು ಹಾಕ್ರೋ’ ಅಂತ ನಗಾಡಿದ್ರು. ಅದು ಹೋಗ್ಲಿ. ಸಮಿತಿಯವರು ಎರಡು ದಿನದಲ್ಲಿ ತೀರ್ಮಾನ ಮಾಡ್ತಾರೆ. ಇಲ್ಲೊಂದು ಕೊಂಬು ಹೆಚ್ಚಿಗೆ ಉಂಟಂತೆ, ಬಸ್ಸಲ್ಲಿ ಒಬ್ರು ತೋರಿಸಿದ್ರು. ಅದು ಯಾರು ಹಾಕಿದ್ದು ಸಾರೇ?”

ವಿಚಾರಿಸಿ ಹೇಳುತ್ತೇನೆಂದು ಒಳಗೆ ಹೋದೆ. ಕಾಪಿ — ನನ್ನ ಕೈಬರಹದ ಹಾಳೆಗಳು — ಅಚ್ಚುಕೋಣೆಯ ಗೋಡೆಯ ಮೊಳೆಗೆ ಚುಚ್ಚಿಟ್ಟಿತ್ತು. ಹಕಾರದ ಪಕ್ಕದಲ್ಲಿ ಕೊಂಬು ಸ್ಪಷ್ಟವಾಗಿತ್ತು. ಇಡೀ ಪುಟದಲ್ಲಿ ಅಷ್ಟು ಸುಂದರವಾಗಿ ಬೇರೆ ಯಾವ ಅಕ್ಷರವನ್ನೂ ಬರೆದಿರಲಿಲ್ಲ.

ನಮ್ಮ ಪತ್ರಿಕೆಯಲ್ಲೊಂದು ಕಟ್ಟಳೆಯಿತ್ತು. ಕಾಪಿಯ ತಪ್ಪಾದರೆ ಚೌಕಟ್ಟಿನೊಳಗೆ ತಿದ್ದುಪಡಿ, ವರದಿಗಾರನ ಹೆಸರಿನೊಂದಿಗೆ. ಅವಸರವಿದ್ದರೆ ಅದೇ ದಿನ ಸಂಬಂಧಪಟ್ಟವರಿಗೆ ಸಂಪಾದಕರ ಸಹಿಯ ಕಾಗದ. ಮೊಳೆ ಜೋಡಿಸುವವರ ತಪ್ಪಾದರೆ ಏನೂ ಇಲ್ಲ; ಓದುಗರೇ ತಿದ್ದಿಕೊಳ್ಳುತ್ತಾರೆಂದು ಬಿಡುವುದು. ನನ್ನ ಹೆಸರಿನಲ್ಲಿ ಅದುವರೆಗೆ ಒಂದೂ ತಿದ್ದುಪಡಿ ಬಂದಿರಲಿಲ್ಲ. ಅದು ಕಚೇರಿಗೆಲ್ಲ ಗೊತ್ತಿತ್ತು — ನಾನೇ ಹೇಳುತ್ತಿದ್ದೆನಲ್ಲ.

ಸಂಪಾದಕರು ಬಾಗಿಲಲ್ಲಿ ನಿಂತು ಕೇಳಿದರು: “ಏನ್ರೀ ಅದು? ಕಾಪಿ ತಪ್ಪೋ, ಕಂಪೋಸಿಂಗ್ ತಪ್ಪೋ?”

“ಕಂಪೋಸಿಂಗ್,” ಎಂದೆ.

ಹಾಳೆ ಆಗಲೇ ನನ್ನ ಜೇಬಿನಲ್ಲಿತ್ತು. ಅಂತೋಣಿಗೆ ಬೈಗುಳ ಬಿತ್ತು. ಅವನು ಗೋಡೆಯ ಖಾಲಿ ಮೊಳೆಯತ್ತ ಒಮ್ಮೆ ನೋಡಿ, ನನ್ನತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ ಕೆಲಸಕ್ಕೆ ತೊಡಗಿದ. ಹೊರಗೆ ಬಂದು ಮೇಸ್ತ್ರಿಗೆ ಹೇಳಿದೆ — ಅಚ್ಚಿನ ದೋಷ, ಒಂದಕ್ಷರ, ಓದಿದವರಿಗೆ ಅರ್ಥವಾಗುತ್ತದೆ. “ಅರ್ಥ ಆಯ್ತು ಸಾರೇ, ಅದೇ ಕಷ್ಟ,” ಎಂದರು. ಆರು ಮನೆಗಳನ್ನು ಸುಟ್ಟ ಇಟ್ಟಿಗೆಯಲ್ಲಿ ಬೇರೆಯವರು ಕಟ್ಟಿದರು. ‘ಹುಸಿ ಮೇಸ್ತ್ರಿ’ ಎಂಬ ಹೆಸರು ದೂರದ ಬಾಳೆಲೆ ಊರಿನವರೆಗೂ ಹೋಯಿತು. ಮುಂದೆ ಚಾತು ಮೇಸ್ತ್ರಿ ಇತರರ ಕೈಕೆಳಗೆ, ತಾವು ಬೇಡವೆನ್ನುತ್ತಿದ್ದ ಸುಟ್ಟ ಇಟ್ಟಿಗೆಯನ್ನೇ ಕಟ್ಟುತ್ತ ದಿನ ಕಳೆದರು.

ಕೊಡಗು ಮೈಸೂರಿಗೆ ಸೇರಿ ಕೆಲವು ವರ್ಷಗಳಾದ ಮೇಲೆ ನಾನು ಮನೆ ಕಟ್ಟಬೇಕಾಯಿತು. ಅವರನ್ನೇ ಹುಡುಕಿ ಕರೆಸಿದೆ. ಕೆಲಸ ಕೊಟ್ಟರೆ ಹೇಳಬೇಕಾದ ಮಾತನ್ನು ಹೇಳದೆಯೇ ಋಣ ತೀರುತ್ತದೆ ಎಂದುಕೊಂಡೆನೋ ಏನೋ — ಹೌದು, ಹಾಗೆಯೇ ಅಂದುಕೊಂಡಿದ್ದೆ. ಅವರು ಸುಡದ ಇಟ್ಟಿಗೆಯಲ್ಲಿ ಕಟ್ಟಿದರು, ಪಡುವಣಕ್ಕೆ ಮಾಡು ಇಳಿಸಿದರು. ಕೊನೆಯ ದಿನ ಗೋಡೆಯ ಮೇಲೆ ಅಂಗೈಯಿಟ್ಟು ಕೇಳಿದರು:

“ಇದಕ್ಕೆ ಕನ್ನಡದಲ್ಲಿ ಏನು ಹೇಳುವುದು ಸಾರೇ? ನನಗೆ ಮರೆತುಹೋಗಿದೆ.”

“ಹಸಿ ಇಟ್ಟಿಗೆ.”

“ಬಾಯಲ್ಲಿ ಸರಿಯಾಗಿಯೇ ಹೇಳ್ತೀರಿ,” ಎಂದು ಕರಣೆ ಎತ್ತಿಕೊಂಡು ಹೊರಟರು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮೇಸ್ತ್ರಿ ಈಗಿಲ್ಲ. ಅಂತೋಣಿಯೂ ಇಲ್ಲ, ಆ ಪತ್ರಿಕೆಯೂ ಇಲ್ಲ. ನಾನು ಆ ಗೋಡೆಗೆ ಒರಗಿಯೇ ಇದನ್ನು ಬರೆಯುತ್ತಿದ್ದೇನೆ. ಅಂದಿನಿಂದ ಇಂದಿನವರೆಗೆ ಒಂದು ಮಳೆಗಾಲದಲ್ಲೂ ಅದು ಒಳಗೆ ತೇವ ಬಿಟ್ಟಿಲ್ಲ. ಬೇಸಿಗೆಯಲ್ಲಿ ಬಂದವರು ಮನೆ ತಂಪಾಗಿದೆ ಎನ್ನದೆ ಹೋಗಿಲ್ಲ. ಇಷ್ಟನ್ನು ಕಣ್ಣಾರೆ ಕಂಡ ವರದಿಗಾರನಾಗಿ ಖಚಿತವಾಗಿ ಹೇಳಬಲ್ಲೆ. ಅಂದು ಜೇಬಿಗೆ ಸೇರಿದ ಹಾಳೆ, ಹಳದಿಯಾಗಿ, ಮುಂದಿದೆ. ಮೂರ್ನಾಡಿನಲ್ಲಿರುವ ಮೇಸ್ತ್ರಿಯವರ ಮಗಳಿಗೆ ಈ ಬರಹದ ಜೊತೆ ಅದನ್ನೂ ಕಳುಹಿಸುತ್ತೇನೆ. ಅವಳು ಕನ್ನಡ ಓದಬಲ್ಲಳು.

ತಿದ್ದುಪಡಿ: ತಲೆಬರಹದಲ್ಲಿ ‘ಹುಸಿ’ ಎಂದಿರುವುದನ್ನು ‘ಹಸಿ’ ಎಂದು ಓದಿಕೊಳ್ಳಬೇಕು. ಇಟ್ಟಿಗೆ ಚಾತು ಮೇಸ್ತ್ರಿಯವರದು. ತಪ್ಪು ಕಾಪಿಯದು. ಕಾಪಿ ನನ್ನದು.